ತಮ್ಮ ಗಮನಕ್ಕೆ ಮತ್ತೊಮ್ಮೆ

1

‘ಮಾನ್ಯರೇ’ ಎಂದು ಕಚೇರಿಯ ಪತ್ರ ಶುರುವಾಗುತ್ತದೆ. ‘ತಮ್ಮ ವಿಶ್ವಾಸಿ’ ಎಂದು ಮುಗಿಯುತ್ತದೆ. ನಡುವಿನ ಮೂರು ಪ್ಯಾರಾದಲ್ಲಿ ಜಗಳ ಇದೆ. ಬೈಗುಳ ಒಂದೂ ಇಲ್ಲ.

2

ಕೊಲ್ಹಾರ ಮೊದಲು ಬಸವನ ಬಾಗೇವಾಡಿ ತಾಲೂಕಿನ ಊರು. 2018ರಲ್ಲಿ ತಾನೇ ತಾಲೂಕಾಯಿತು. ತಾಲೂಕಾದ ಊರಿಗೆ ತಹಶೀಲ್ದಾರ್ ಕಚೇರಿ ಬರುತ್ತದೆ, ತಾಲೂಕು ಪಂಚಾಯಿತಿ ಬರುತ್ತದೆ. ಒಂದೊಂದು ಕಚೇರಿಗೂ ಆವಕ-ಜಾವಕದ ಟೇಬಲ್ಲು, ಒಂದು ಕಂಪ್ಯೂಟರ್, ಒಂದು ಇ-ಮೇಲ್ ವಿಳಾಸ. ಹಳೆಯ ಕಡತ ಹಳೆಯ ತಾಲೂಕಿನಲ್ಲಿ. ಅದನ್ನು ಕೇಳಲು ಒಂದು ಪತ್ರ. ಬಾರದಿದ್ದರೆ ಇನ್ನೊಂದು.

3

ಪತ್ರಗಳ ಕ್ರಮ ಹೀಗಿದೆ. ಮೊದಲು ಪತ್ರ. ಆಮೇಲೆ ನೆನಪೋಲೆ-1. ನೆನಪೋಲೆ-2. ನೆನಪೋಲೆ-3. ಅಂತಿಮ ನೆನಪೋಲೆ. ಅಂತಿಮ ನೆನಪೋಲೆಯ ನಂತರ ಇನ್ನೊಂದು ಅಂತಿಮ ನೆನಪೋಲೆ ಬಂದದ್ದನ್ನೂ ನೋಡಿದ್ದೇನೆ. ಆಮೇಲೆ ಅರೆ ಸರ್ಕಾರಿ ಪತ್ರ. ಕೊನೆಗೆ ಕಾರಣ ಕೇಳಿ ನೋಟಿಸು. ನೋಟಿಸಿನ ಬೆನ್ನಿಗೆ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957.

4

ಅರೆ ಸರ್ಕಾರಿ ಪತ್ರ ಹುದ್ದೆಯ ಹೆಸರಿಗೆ ಹೋಗುವುದಿಲ್ಲ, ಮನುಷ್ಯನ ಹೆಸರಿಗೆ ಹೋಗುತ್ತದೆ. ಅದರಲ್ಲಿ ‘ಮಾನ್ಯರೇ’ ಇಲ್ಲ, ‘ಆತ್ಮೀಯರೇ’ ಇದೆ. ಯಾವ ನೆನಪೋಲೆಗೂ ಉತ್ತರ ಬಾರದಿದ್ದಾಗ ಬರೆಯುವ ಪತ್ರ ಇದು. ‘ಆತ್ಮೀಯರೇ’ ಎಂಬುದನ್ನು ನೋಡಿದ ಕೂಡಲೇ ಎದುರಿನವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

5

‘ಉಲ್ಲೇಖ’ ಎಂಬ ಜಾಗ ‘ವಿಷಯ’ದ ಕೆಳಗೆ ಇರುತ್ತದೆ. ಮೊದಲ ಪತ್ರದಲ್ಲಿ ಅಲ್ಲಿ ಒಂದು ಸಾಲು. ಎರಡನೆಯದರಲ್ಲಿ ಎರಡು. ಒಂದು ಪತ್ರವನ್ನು ಕೈಯಲ್ಲಿ ಹಿಡಿದು ನೋಡಿದೆ. ಉಲ್ಲೇಖ ಎಂಟು ಇತ್ತು. ಮೇಲಿನ ಕಚೇರಿಯ ಸುತ್ತೋಲೆ, ಅದರ ದಿನಾಂಕ. ಈ ಕಚೇರಿಯ ಪತ್ರ, ಸಂಖ್ಯೆ, ದಿನಾಂಕ. ಈ ಕಚೇರಿಯ ಸಮಸಂಖ್ಯೆ ಪತ್ರ, ದಿನಾಂಕ. ಸಮಸಂಖ್ಯೆ ಪತ್ರ, ದಿನಾಂಕ. ಇ-ಮೇಲ್, ದಿನಾಂಕ. ದೂರವಾಣಿ ಸೂಚನೆ, ದಿನಾಂಕ. ಸಭೆಯ ನಡವಳಿ, ದಿನಾಂಕ. ಮತ್ತೆ ಇ-ಮೇಲ್. ಪುಟದ ಅರ್ಧ ಅದಕ್ಕೇ ಹೋಗಿತ್ತು. ಕೆಳಗೆ ಹೇಳಿದ್ದು ಒಂದೇ ಸಾಲು: ಮಾಹಿತಿ ಕಳಿಸಿ.

ಆ ಎಂಟು ಸಾಲಿನಲ್ಲಿ ಕ್ರಿಯಾಪದ ಒಂದೂ ಇಲ್ಲ. ಬರೀ ಸಂಖ್ಯೆ, ಬರೀ ತಾರೀಖು. ಪತ್ರ ಓದಿದವರು ಮುಖ ಕೆಂಪಗೆ ಮಾಡಿಕೊಂಡದ್ದು ಆ ಎಂಟು ಸಾಲಿಗೆ.

6

‘ಹಲವು ಬಾರಿ ತಿಳಿಸಿದಾಗ್ಯೂ.’

‘ಸಾಕಷ್ಟು ಕಾಲಾವಕಾಶ ನೀಡಿದಾಗ್ಯೂ.’

‘ಸಭೆಯಲ್ಲಿ ಸ್ಪಷ್ಟವಾಗಿ ಸೂಚಿಸಿದಾಗ್ಯೂ.’

ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ, ಮನೆಯಲ್ಲಿ ಈ ‘ದಾಗ್ಯೂ’ ಕಿವಿಗೆ ಬಿದ್ದದ್ದಿಲ್ಲ. ಅದು ಬದುಕಿರುವುದು ಪತ್ರದಲ್ಲಿ ಮಾತ್ರ.

7

ಕೊಲ್ಹಾರದ ಮೊಸರಿಗೆ ಸುತ್ತಲ ಜಿಲ್ಲೆಗಳಲ್ಲಿ ಹೆಸರಿದೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ್ದು. ಹೆದ್ದಾರಿಯ ಬದಿಯಲ್ಲಿ ಮಾರುವ ಹೆಣ್ಣುಮಗಳು ಒಬ್ಬ ಡ್ರೈವರನನ್ನು ಕೂಗಿ ನಿಲ್ಲಿಸಿದಳು: “ಯಣ್ಣಾ, ಮೊನ್ನಿ ಎರಡ ಗಡಿಗಿ ರೊಕ್ಕ ಬಾಕಿ ಐತಿ ನೋಡ.” ಅವನು ಕೊಟ್ಟ. ಇನ್ನೊಂದು ಗಡಿಗೆ ಒಯ್ದ.

8

ಪತ್ರದಲ್ಲಿ ‘ನಾನು’ ಇರುವುದಿಲ್ಲ. ‘ಈ ಕಚೇರಿ’ ಇರುತ್ತದೆ. ಗಂಭೀರವಾಗಿ ಪರಿಗಣಿಸಲಾಗುವುದು. ಶಿಸ್ತುಕ್ರಮಕ್ಕೆ ಶಿಫಾರಸು ಮಾಡಲಾಗುವುದು. ತಮ್ಮನ್ನೇ ಹೊಣೆಗಾರರನ್ನಾಗಿ ಮಾಡಲಾಗುವುದು. ಪರಿಗಣಿಸುವವರು ಯಾರು, ಶಿಫಾರಸು ಮಾಡುವವರು ಯಾರು, ವಾಕ್ಯದಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಟ್ಟಿಗೆ ಗುರಿಯಾದವರು ಮಾತ್ರ ಪತ್ರದ ತುಂಬ ಇದ್ದಾರೆ: ತಾವು, ತಮ್ಮ, ತಮಗೆ, ತಮ್ಮನ್ನು.

9

1945ರಲ್ಲಿ ಅಮೆರಿಕದ ಯುದ್ಧ ಇಲಾಖೆ ಒಂದು ವೈದ್ಯಕೀಯ ಬುಲೆಟಿನ್ ಹೊರಡಿಸಿತು. ಅದರ ಹಿಂದಿದ್ದವರು ವಿಲಿಯಂ ಮೆನಿಂಜರ್, ಮನೋವೈದ್ಯರು. ಕೆಲವು ಸೈನಿಕರು ಆಜ್ಞೆಗೆ ಎದುರಾಡುವುದಿಲ್ಲ. ಮುಖ ಊದಿಸುತ್ತಾರೆ, ತಡ ಮಾಡುತ್ತಾರೆ, ಹಟ ಹಿಡಿಯುತ್ತಾರೆ, ಕೆಲಸ ಅರೆಬರೆ ಮಾಡುತ್ತಾರೆ ಎಂದು ಅದರಲ್ಲಿ ದಾಖಲಾಯಿತು. ‘ಪ್ಯಾಸಿವ್ ಅಗ್ರೆಸಿವ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಅಲ್ಲಿಂದ. 1952ರಲ್ಲಿ ಅದು ಅಮೆರಿಕದ ಮನೋರೋಗಗಳ ಅಧಿಕೃತ ಪಟ್ಟಿಗೆ ಸೇರಿತು. 1994ರ ಆವೃತ್ತಿಯಲ್ಲಿ ಪಟ್ಟಿಯಿಂದ ಇಳಿದು ಅನುಬಂಧಕ್ಕೆ ಹೋಯಿತು.

ಮೊದಲು ಈ ಮಾತು ಆಜ್ಞೆ ಪಡೆಯುವವರ ಬಗ್ಗೆ ಇತ್ತು. ಈಗ ಆಜ್ಞೆ ಕೊಡುವವರ ಪತ್ರಗಳಿಗೂ ಹೇಳುತ್ತಾರೆ.

10

ಕೆಳಗಿನವರ ಉತ್ತರಗಳನ್ನೂ ಬರೆದುಕೊಂಡಿದ್ದೇನೆ.

‘ಉಲ್ಲೇಖಿತ ಪತ್ರವು ಈ ಕಚೇರಿಗೆ ಸ್ವೀಕೃತವಾಗಿರುವುದಿಲ್ಲ.’

‘ಸದರಿ ಮಾಹಿತಿಯನ್ನು ಈಗಾಗಲೇ ಸಲ್ಲಿಸಲಾಗಿದ್ದು, ಮತ್ತೊಮ್ಮೆ ಲಗತ್ತಿಸಿದೆ.’

‘ಸಿಬ್ಬಂದಿ ಕೊರತೆಯ ನಡುವೆಯೂ.’

‘ತಮ್ಮ ಕಚೇರಿಯಿಂದ ಸ್ಪಷ್ಟ ನಿರ್ದೇಶನ ಬಂದ ನಂತರ ಕ್ರಮ ವಹಿಸಲಾಗುವುದು.’

11

ಮೇಲ್ ತೆರೆದರೆ ಒಳಗೆ ಏನೂ ಬರೆದಿರುವುದಿಲ್ಲ. ಒಂದೊಂದು ಸಲ ‘ಪತ್ರ ಲಗತ್ತಿಸಿದೆ’ ಎಂದಿರುತ್ತದೆ. ಪತ್ರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಾಹೇಬರ ಸಹಿ ಮಾಡಿಸಿ, ಮೊಹರು ಹಾಕಿ, ಸ್ಕ್ಯಾನ್ ಮಾಡಿ, ಮತ್ತೆ ಕಂಪ್ಯೂಟರಿಗೆ ಹಾಕಿ ಕಳಿಸುತ್ತಾರೆ. ಆ ಕಡೆಯವರು ಪ್ರಿಂಟ್ ತೆಗೆದು ಆವಕ ಸಂಖ್ಯೆ ಬರೆಯುತ್ತಾರೆ. ಸ್ಕ್ಯಾನ್ ಸ್ವಲ್ಪ ಓರೆ ಇರುತ್ತದೆ. ಹಸಿರು ಮಸಿಯ ಸಹಿ ಬೂದು ಬಣ್ಣಕ್ಕೆ ಬಂದಿರುತ್ತದೆ.

12

ಕೆಲವರು ಪತ್ರವನ್ನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಫೈಲನ್ನೇ ಕಳಿಸಿಬಿಡುತ್ತಾರೆ. ಮೊಬೈಲಿನಲ್ಲಿ ತೆರೆದರೆ ಕನ್ನಡ ಕಾಣುವುದಿಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಅಂತಿಮ ನೋಟಿಸು ಒಬ್ಬ ಮುಖ್ಯ ಗುರುಗಳಿಗೆ ಹೀಗೆ ಬಂತು. ಅವರು “ಓಪನ್ ಆಗವಲ್ದ್ರಿ ಸರ್” ಎಂದು ಉತ್ತರ ಕೊಟ್ಟರು. ಮತ್ತೆ ಬಂತು. ಮತ್ತೆ ಹಾಗೇ ಇತ್ತು. ಆ ದಿನ ಗಡುವು ಮುಗಿಯಿತು.

13

ಕಚೇರಿಗಳಲ್ಲಿ ಟೈಪ್ ಮಾಡುವವರು ಡಾಟಾ ಎಂಟ್ರಿ ಆಪರೇಟರುಗಳು. ಬಹಳ ಮಂದಿ ಹೊರಗುತ್ತಿಗೆಯವರು. ಅವರ ಸಹಿ ಯಾವ ಪತ್ರದಲ್ಲೂ ಇರುವುದಿಲ್ಲ. ಅವರಲ್ಲಿ ಒಬ್ಬ ಹುಡುಗಿ ನನಗೆ ಹೇಳಿದ್ದು: “ಬೈಯೂ ಪತ್ರ ಟೈಪ್ ಮಾಡೋರೂ ನಾವ ಕಾಕಾ. ಆ ಕಡೆ ಆಫೀಸಿನ್ಯಾಗ ಅದನ್ನ ಪ್ರಿಂಟ್ ತಗಿಯೋರೂ ನಮ್ಮಂಥೋರ. ನಾವಿಬ್ರೂ ಒಂದ ಬಸ್ಸಿನ್ಯಾಗ ಮನಿಗಿ ಹೋಗ್ತೀವಿ.”

ಪ್ರತಿ ಸಲ ಹೊಸದಾಗಿ ಬರೆಯುತ್ತೀರೇನು ಎಂದು ಕೇಳಿದೆ. ಇಲ್ಲವಂತೆ. ಹಳೆಯ ಪತ್ರ ತೆರೆಯುವುದು, ತಾರೀಖು ಬದಲಿಸುವುದು, ವಿಳಾಸ ಬದಲಿಸುವುದು. ಸಿಟ್ಟಿನ ಪ್ಯಾರಾ ಹಾಗೇ ಉಳಿಯುತ್ತದೆ. ಅದನ್ನು ಮೊದಲು ಯಾರು, ಯಾರ ಮೇಲೆ, ಯಾವ ವರ್ಷ ಬರೆದರೋ ಆ ಕಚೇರಿಯಲ್ಲಿ ಈಗ ಯಾರಿಗೂ ಗೊತ್ತಿಲ್ಲ. ಒಂದು ಸಲ ವಿಳಾಸ ಬದಲಾಯಿತು, ಒಳಗಿನ ಊರಿನ ಹೆಸರು ಬದಲಾಗಲಿಲ್ಲ. ಒಂದು ಊರಿನ ನಿರ್ಲಕ್ಷ್ಯಕ್ಕೆ ಇನ್ನೊಂದು ಊರಿನವರು ಸಮಜಾಯಿಷಿ ಬರೆದು ಕಳಿಸಿದರು. ಕಡತಕ್ಕೆ ಸೇರಿತು.

14

ದಪ್ಪ ಅಕ್ಷರ ಬರುವುದು ಎರಡು ಕಡೆ: ಗಡುವಿನ ಗಂಟೆಗೆ, ‘ತಪ್ಪಿದಲ್ಲಿ’ ಎಂಬ ಮಾತಿಗೆ. ಅಡಿಗೆರೆಯೂ ಅಲ್ಲೇ.

15

‘ಪ್ರತಿಯನ್ನು’ ಎಂಬುದು ಪತ್ರದ ತಳದಲ್ಲಿ ಎಡಕ್ಕೆ ಇರುತ್ತದೆ. ಅದರ ಕೆಳಗೆ ಮೇಲಧಿಕಾರಿಗಳ ಹೆಸರು. ‘ಮಾಹಿತಿಗಾಗಿ ಸಾದರಪೂರ್ವಕವಾಗಿ ಸಲ್ಲಿಸಿದೆ.’ ಅನುಭವಸ್ಥರು ಪತ್ರವನ್ನು ತಳದಿಂದ ಓದುತ್ತಾರೆ. ಮೊದಲು ಪ್ರತಿ ಯಾರಿಗೆ ಹೋಗಿದೆ ನೋಡುತ್ತಾರೆ, ಆಮೇಲೆ ವಿಷಯ.

1806ರಲ್ಲಿ ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಕಾರ್ಬನ್ ಕಾಗದಕ್ಕೆ ಪೇಟೆಂಟ್ ಪಡೆದ. ಮೇಲ್‌ನ ‘ಸಿಸಿ’, ಅಂದರೆ ಕಾರ್ಬನ್ ಕಾಪಿ, ಆ ಕಾಗದದ ಹೆಸರನ್ನು ಇಂದಿಗೂ ಹೊತ್ತಿದೆ. ಕಾರ್ಬನ್ ಹಾಕಿ ಬರೆಯುವಾಗ ಒತ್ತಿ ಬರೆಯಬೇಕು, ನಾಲ್ಕನೇ ಪ್ರತಿ ಮಸುಕು. ಮೇಲ್‌ನಲ್ಲಿ ನಲವತ್ತನೆಯದೂ ಮೊದಲನೆಯದರಷ್ಟೇ ನಿಚ್ಚಳ.

16

ಬೆಂಗಳೂರಿನ ಕಂಪನಿಯಲ್ಲಿರುವ ಊರಿನ ಹುಡುಗ ಜಾತ್ರೆಗೆ ಬಂದಿದ್ದ. ಅವರ ಕಡೆ ಕೆಲಸದ ಮೇಲ್‌ಗಳು ಹೇಗಿರುತ್ತವೆ ಎಂದು ಕೇಳಿದೆ. ಫೋನ್ ತೆಗೆದು ಒಂದೊಂದೇ ಓದಿ ಹೇಳಿದ. ‘ಆಸ್ ಪರ್ ಮೈ ಲಾಸ್ಟ್ ಮೇಲ್.’ ‘ಜೆಂಟಲ್ ರಿಮೈಂಡರ್.’ ‘ಜಸ್ಟ್ ಚೆಕಿಂಗ್ ಇನ್.’ ‘ಲೂಪಿಂಗ್ ಇನ್’ ಎಂದು ಬಂದರೆ ಮ್ಯಾನೇಜರನ್ನು ಸೇರಿಸಿದ್ದಾರೆ ಎಂದು ತಿಳಿಯಬೇಕಂತೆ.

“ಜೆಂಟಲ್ ಅಂತ ಬಂದ್ರ ನನಗ ನಿದ್ದಿ ಬರೂದಿಲ್ಲ” ಎಂದ.

ಅವನ ತಂದೆ ಪಕ್ಕದಲ್ಲಿ ಕೂತಿದ್ದರು. ನಿವೃತ್ತ ಗುಮಾಸ್ತರು. ಅವರು ಕೇಳಿದ್ದು ಒಂದೇ: “ಜಾವಕ ನಂಬರ ಹಾಕೂದಿಲ್ಲೇನ ಅದಕ್ಕ?”

17

2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮಾತು ಗಂಭೀರವೋ ಕುಹಕವೋ, ಕೇಳಿದವರಿಗೆ ತಿಳಿಯುತ್ತದೆಯೇ ಎಂಬುದು ಪ್ರಶ್ನೆ. ಕಳಿಸಿದವರ ಅಂದಾಜಿನಲ್ಲಿ 78 ಪ್ರತಿಶತ ಸರಿಯಾಗಿ ತಿಳಿಯಬೇಕಿತ್ತು. ದನಿಯಲ್ಲಿ ಕೇಳಿದವರು 73 ಪ್ರತಿಶತ ಸರಿ ಹೇಳಿದರು. ಇ-ಮೇಲ್‌ನಲ್ಲಿ ಓದಿದವರು 56. ಇರುವುದು ಎರಡೇ ಉತ್ತರ. ಕಣ್ಣು ಮುಚ್ಚಿ ಹೇಳಿದರೂ 50 ಸರಿ ಬರುತ್ತದೆ.

18

ನಮ್ಮ ಕಡೆ ಮಾತಿನ ಕೊನೆಗೆ ‘ರೀ’ ಇರುತ್ತದೆ. ಜಗಳದಲ್ಲೂ ಇರುತ್ತದೆ. “ಎಷ್ಟ ಸಲ ಹೇಳಬೇಕ್ರಿ ನಿಮಗ?” “ನಾ ಏನ್ ಸುಮ್ನ ಕುಂತೀನೇನ್ರಿ?” ಚಹಾದಂಗಡಿಯಲ್ಲಿ ಹೀಗೆ ಕೂಗಾಡಿದ ಇಬ್ಬರು ಒಂದೇ ಬಿಲ್ಲು ಕೊಟ್ಟು ಎದ್ದರು. ಹದಿನೈದು ದಿನದಿಂದ ಒಬ್ಬರಿಗೊಬ್ಬರು ನೆನಪೋಲೆ ಬರೆಯುತ್ತಿದ್ದ ಇಬ್ಬರು ಗುಮಾಸ್ತರು ಅವರು. ಕೇಳಿದ ಮಾಹಿತಿ ಯಾವ ಕಪಾಟಿನಲ್ಲಿದೆ ಎಂಬುದು ಅಂಗಡಿಯಲ್ಲೇ ಗೊತ್ತಾಯಿತು.

19

ಶಾಲೆಗಳಿಗೆ, ಪಂಚಾಯಿತಿಗಳಿಗೆ ಈಗ ಮೇಲ್‌ಗಿಂತ ಮೊದಲು ವಾಟ್ಸಾಪ್. ಎಕ್ಸೆಲ್ ಹಾಳೆಯ ಫೋಟೊ ಬರುತ್ತದೆ. ಮಾಹಿತಿ ಕೊಟ್ಟವರ ಸಾಲು ಹಸಿರು, ಅರ್ಧ ಕೊಟ್ಟವರದು ಹಳದಿ, ಕೊಡದವರದು ಕೆಂಪು. ಕೆಳಗೆ ಒಂದು ಮಾತು: ‘ಇನ್ನೂ ಸಲ್ಲಿಸದವರು ಗಮನಿಸಿ.’ ಗ್ರೂಪಿನಲ್ಲಿರುವ ಎಲ್ಲರೂ ನೋಡುತ್ತಾರೆ. ಕೆಂಪಿನವರು ‘ಈಗ ಸಲ್ಲಿಸಿದೆ ಸರ್’ ಎಂದು ಕೈಮುಗಿದ ಚಿತ್ರ ಹಾಕುತ್ತಾರೆ. ಒಬ್ಬ ಗುರುಮಾತೆ ಒಂಬತ್ತೂವರೆಗೆ ಸಲ್ಲಿಸಿದರು. ಹಾಳೆ ಸಿದ್ಧವಾದದ್ದು ಒಂಬತ್ತಕ್ಕೆ. ಸಂಜೆಯವರೆಗೂ ಅವರ ಶಾಲೆ ಕೆಂಪಿನಲ್ಲೇ ಉಳಿಯಿತು. ಅವರು ಮಧ್ಯಾಹ್ನದ ಬಿಸಿಯೂಟಕ್ಕೆ ಮಕ್ಕಳನ್ನು ಕೂರಿಸುತ್ತ ಮೂರು ಸಲ ಫೋನ್ ನೋಡಿದರು.

20

ಗಡುವು ‘ಇಂದು ಸಂಜೆ 4 ಗಂಟೆಯೊಳಗೆ’. ಮೇಲ್ ಬಂದದ್ದು 3.40ಕ್ಕೆ. ಸುತ್ತೋಲೆಯ ತಾರೀಖು ಎಂಟು ದಿನ ಹಿಂದಿನದು. ಅದು ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬುದು ಮೊಹರುಗಳನ್ನು ನೋಡಿದರೆ ಕಾಣುತ್ತದೆ.

21

‘ಮೇಲಧಿಕಾರಿಗಳ ಎದುರು ಈ ಕಚೇರಿಯು ಮುಜುಗರ ಅನುಭವಿಸುವಂತಾಗಿರುತ್ತದೆ.’

ಓದಿದ ಪತ್ರಗಳಲ್ಲೆಲ್ಲ ಮನಸ್ಸಿನ ಸ್ಥಿತಿಯೊಂದನ್ನು ನೇರವಾಗಿ ಹೇಳುವ ವಾಕ್ಯ ಇದೊಂದೇ ಸಿಕ್ಕಿದೆ. ಮುಜುಗರಪಟ್ಟದ್ದು ಕಚೇರಿ.

22

ಹಳೆಯ ಕೊಲ್ಹಾರ ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರನ್ನು 519.60 ಮೀಟರ್‌ವರೆಗೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ಹಿನ್ನೀರು ಬಂತು, ಊರು ಮೇಲಕ್ಕೆ ಬಂತು. ಈಗಿನ ಊರಿನ ಒಂದು ಭಾಗವನ್ನು ಜನ ಯುಕೆಪಿ ಎಂದೇ ಕರೆಯುತ್ತಾರೆ, ಕೃಷ್ಣಾ ಮೇಲ್ದಂಡೆ ಯೋಜನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು.

ಮನೆ, ಹೊಲ ಬಿಟ್ಟವರ ಹತ್ತಿರ ಕಾಗದ ಬಹಳ ಇವೆ. ಒಬ್ಬ ಮುತ್ಯಾನ ಹತ್ತಿರ ಪ್ಲಾಸ್ಟಿಕ್ ಚೀಲ ಇದೆ. ಬಟ್ಟೆಯಂಗಡಿಯ ಚೀಲ. ಕಾಗದಗಳ ಮಡಿಕೆ ಹರಿದು ಹಿಂದಿನಿಂದ ಟೇಪ್ ಅಂಟಿಸಿದ್ದಾನೆ. ಒಂದನ್ನು ಓದಿದೆ. ‘ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ. ಪದೇ ಪದೇ ಇದೇ ವಿಷಯವಾಗಿ ಅರ್ಜಿ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ.’

ಎರಡನೇ ವಾಕ್ಯಕ್ಕೆ ಬಂದಾಗ ನನ್ನ ದನಿ ತಗ್ಗಿತು. ಮುತ್ಯಾ, “ಅದನ್ನ ಜೋರಾಗಿ ಓದ, ನನಗ ಕಿವಿ ಮಂದ” ಎಂದ.

23

ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು, ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಬಹುದು ಎಂದು. 2013ರಲ್ಲಿ ಮುಂದಿನ ವರದಿ ಕೊಟ್ಟಿತು. ಗೆಜೆಟ್ ಪ್ರಕಟಣೆಗೆ 2011ರಲ್ಲೇ ಸುಪ್ರೀಂ ಕೋರ್ಟಿನ ತಡೆ ಇತ್ತು. ಅಧಿಸೂಚನೆ ಹೊರಡಿಸಿ ಎಂದು ಕರ್ನಾಟಕ ಕೇಂದ್ರಕ್ಕೆ ಮತ್ತೆ ಮತ್ತೆ ಬರೆದಿದೆ, ಮುಖ್ಯಮಂತ್ರಿಗಳು ಬದಲಾದರೂ ಬರೆದಿದೆ. ಮೇಲಿನ ಮಟ್ಟದಲ್ಲೂ ನೆನಪೋಲೆ ಇದೆ. ಕೊಲ್ಹಾರದ ಚೀಲದಲ್ಲಿರುವ ಕಾಗದಕ್ಕೂ ದೆಹಲಿಗೆ ಹೋದ ಕಾಗದಕ್ಕೂ ವಿಷಯ ಒಂದೇ: ನೀರು ಎಲ್ಲಿಯವರೆಗೆ ಬರುತ್ತದೆ.

24

ಸಾಮಾನ್ಯರಿಗೆ ಬರುವ ಕಾಗದಕ್ಕೆ ‘ಹಿಂಬರಹ’ ಎನ್ನುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತ ಒಬ್ಬ ಆಯಿಗೆ ಒಂದು ಹಿಂಬರಹ ಬಂತು. ದಾಖಲೆಗಳನ್ನು ಸಲ್ಲಿಸಲು ತಿಳಿಸಿದಾಗ್ಯೂ ಸಲ್ಲಿಸಿರುವುದಿಲ್ಲ, ಆದ್ದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಓದಿ ಹೇಳಿದೆ. ಅವಳು ಕೇಳಿದಳು: “ತಮ್ಮಾ, ಅವರಿಗೆ ನನ್ನ ಮ್ಯಾಲ ಸಿಟ್ಟ ಬಂದೈತೇನ?”

ಮೊದಲು ತಿಳಿಸಿದ ಪತ್ರ ಅವಳಿಗೆ ಬಂದಿರಲಿಲ್ಲ. ಅವಳ ಮನೆಯ ನಂಬರು ಹಳೆಯ ಊರಿನದು.

25

ಜನರೂ ಈ ಭಾಷೆ ಕಲಿತಿದ್ದಾರೆ. ಸಕಾಲ 2012ರಲ್ಲಿ ಬಂತು, ಅರ್ಜಿಗೆ 15 ಅಂಕಿಯ ಸಂಖ್ಯೆ ಸಿಗುತ್ತದೆ, ಸೇವೆಗೆ ದಿನ ಗೊತ್ತಾಗಿರುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರದು, ಉತ್ತರಕ್ಕೆ 30 ದಿನ. ಎಂಟನೇ ಇಯತ್ತೆವರೆಗೆ ಓದಿದ ರೈತನೊಬ್ಬ ಅರ್ಜಿಯಲ್ಲಿ ಬರೆದದ್ದು: ‘ನಿಗದಿತ ಅವಧಿಯಲ್ಲಿ ಮಾಹಿತಿ ನೀಡದಿದ್ದಲ್ಲಿ ಮೇಲ್ಮನವಿ ಸಲ್ಲಿಸುವುದು ಅನಿವಾರ್ಯವಾಗುತ್ತದೆ ಎಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.’ ಯಾರು ಬರೆದುಕೊಟ್ಟರು ಎಂದು ಕೇಳಿದೆ. ತಾನೇ ಬರೆದದ್ದಂತೆ. ಕಚೇರಿಯಿಂದ ಬಂದ ಪತ್ರಗಳನ್ನು ನೋಡಿ ಬರೆದನಂತೆ.

ಆ ವಾಕ್ಯದಲ್ಲಿ ‘ನಾನು’ ಅಡಗಿಕೊಂಡಿಲ್ಲ. ಬಯಸುತ್ತೇನೆ ಎಂದು ಬರೆದಿದ್ದಾನೆ. ಗಮನಿಸಿ ಗುರುತು ಹಾಕಿಕೊಂಡೆ.

26

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂದಿದೆ. ಅವರು ಹುಟ್ಟಿದ ಬಾಗೇವಾಡಿ ಪಕ್ಕದಲ್ಲೇ. ಬಿಜ್ಜಳನಲ್ಲಿ ಕರಣಿಕರಾಗಿ, ಆಮೇಲೆ ಭಂಡಾರಿಯಾಗಿ ಇದ್ದವರು, ಲೆಕ್ಕಪತ್ರ ಕಂಡವರು. ಮಾತು ಹೇಗಿರಬೇಕು ಎಂಬ ಬಗ್ಗೆ ಅವರ ವಚನ ಈ ಕಡೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಒಂದು ಕಚೇರಿಯಲ್ಲಿ ಚಿತ್ರ ತೂಗುಹಾಕಿದ ಗೋಡೆಯ ಕೆಳಗೇ ಪ್ರಿಂಟರ್ ಇದೆ.

27

ಫೋನಿನಲ್ಲಿ ಮಾತಾಡಿ ಕೆಲಸ ಮುಗಿದ ಮೇಲೂ ನೆನಪೋಲೆ ಹೋಗುತ್ತದೆ. ಇದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಮಾಹಿತಿ ಬೆಳಿಗ್ಗೆ ಬಂತು, ಮಧ್ಯಾಹ್ನ ‘ಇದುವರೆಗೂ ಸಲ್ಲಿಸದಿರುವುದು ವಿಷಾದನೀಯ’ ಎಂಬ ಪತ್ರ ಹೊರಟಿತು. ಯಾಕೆ ಎಂದು ಕೇಳಿದರೆ ಗುಮಾಸ್ತರು ಹೇಳಿದರು: “ಕಡತಕ್ಕ ಬೇಕಾಗ್ತದ್ರಿ. ನಾಳೆ ಆಡಿಟ್‌ನ್ಯಾಗ ಕೇಳಿದ್ರ, ನೀವು ಏನ್ ಮಾಡೀರಿ ಅಂತ ಕೇಳಿದ್ರ, ತೋರಸಾಕ ಬೇಕಲ್ರಿ. ಫೋನ್ ಮಾಡೀವಿ ಅಂದ್ರ ಯಾರ ನಂಬ್ತಾರ?”

ಆ ಪತ್ರ ಓದಬೇಕಾದವರು ಆ ಕಡೆಯ ಕಚೇರಿಯವರಲ್ಲ. ಎಂದೋ ಬರುವ ಆಡಿಟರು. ಬೇಸರಪಟ್ಟುಕೊಂಡು ರಾತ್ರಿ ಊಟ ಬಿಟ್ಟವರು ಮಾತ್ರ ಆ ಕಡೆಯವರು. ಇದು ನ್ಯಾಯವಲ್ಲ ಎಂದು ನನಗೆ ಅನ್ನಿಸುತ್ತದೆ.

28

ಆಪರೇಟರ್ ಹುಡುಗಿ ಮೊನ್ನೆ ಇನ್ನೊಂದು ಸಂಗತಿ ಹೇಳಿದಳು. ನೆನಪೋಲೆಯ ನಮೂನೆಯಲ್ಲಿ ‘ಇದು ತಮ್ಮ ಕರ್ತವ್ಯ ನಿರ್ಲಕ್ಷ್ಯವನ್ನು ಎತ್ತಿ ತೋರಿಸುತ್ತದೆ’ ಎಂಬ ಸಾಲು ಇತ್ತು. ಒಂದು ದಿನ ಅದನ್ನು ಅಳಿಸಿ ಪ್ರಿಂಟ್ ತೆಗೆದಳು. ಸಾಹೇಬರು ಸಹಿ ಮಾಡಿದರು, ಏನೂ ಕೇಳಲಿಲ್ಲ. ಉತ್ತರ ಎಂದಿನಷ್ಟೇ ದಿನಕ್ಕೆ ಬಂತು. ಆ ಸಾಲನ್ನು ಅವಳು ಮತ್ತೆ ಸೇರಿಸಿಲ್ಲ.